ಕೋಟಿ ಹಿಟ್ಸ್‌ನಲ್ಲಿ ನಮ್ಮ ದೊಡ್ಡಮ್ಮಂದೂ ಒಂದಿಷ್ಟಿದೆ

ಸಿಟ್ಟಲ್ಲೇ ಬರೀತಿದೀನಿ, ಉದ್ದ ಆಗತ್ತೆ, ಪುರುಸೊತ್ತಿದ್ದವರು ಓದಿ.

ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಒಂದು ಇಲಾಖೆಯವರ ಪೋಸ್ಟು. ಬಣ್ಣದ ಬ್ಯಾನರ್, ಮಧ್ಯದಲ್ಲಿ ದಪ್ಪಕ್ಷರದಲ್ಲಿ "ನಮ್ಮ ವೆಬ್‌ಸೈಟಿಗೆ ಒಂದೇ ದಿನ ಕೋಟಿ ಹಿಟ್ಸ್, ಜನರ ವಿಶ್ವಾಸಕ್ಕೆ ಧನ್ಯವಾದ". ಕೆಳಗೆ ಸಾಲುಸಾಲು ಅಭಿನಂದನೆ. ಯಾವತ್ತಿನ ಲೆಕ್ಕ ಅಂತ ನೋಡಿದೆ, ನಿನ್ನೇದು. ನಿನ್ನೆ ಮಧ್ಯಾಹ್ನ ಹನ್ನೆರಡರಿಂದ ಹೆಚ್ಚೂಕಮ್ಮಿ ಐದರ ತನಕ ಆ ಸೈಟ್ ಮಲಗಿತ್ತು. ನನಗೆ ಹೇಗೆ ಗೊತ್ತು ಅಂದ್ರೆ ಅಷ್ಟೂ ಹೊತ್ತು ಲ್ಯಾಪ್‌ಟಾಪ್ ಇಟ್ಕೊಂಡು ದೊಡ್ಡಮ್ಮನ ಪಕ್ಕ ಕೂತಿದ್ದೆ. ಅವರ ಪೆನ್ಷನ್ ಫಾರ್ಮ್ ರಿನ್ಯೂ ಆಗ್ಬೇಕು, ನಾಳೆ ಕೊನೇ ದಿನ.

ಮೊದಲ ಪುಟ ತುಂಬಿದ್ವಿ, ಎರಡನೇದೂ ಆಯ್ತು, ಮೂರನೇದ್ರಲ್ಲಿ ಬ್ಯಾಂಕ್ ಖಾತೆ ನಂಬರ್ ಕೇಳ್ತು. ದೊಡ್ಡಮ್ಮ ಪಾಸ್‌ಬುಕ್ ತರೋಕೆ ಎದ್ರು. ಮಂಡಿ ನೋವು ಅವರಿಗೆ, ಗೋಡೆ ಹಿಡ್ಕೊಂಡು ಹೋಗಿ, ಬೀರು ಬೀಗ ತೆಗೆದು, ಎರಡು ಪಾಸ್‌ಬುಕ್ಕಲ್ಲಿ ಯಾವುದು ಅಂತ ಕನ್ನಡಕ ಹಾಕ್ಕೊಂಡು ನೋಡಿ ತರೋ ಹೊತ್ತಿಗೆ "ನಿಮ್ಮ ಸೆಷನ್ ಮುಗಿದಿದೆ" ಅಂತ ಬಂದಿತ್ತು. ಮತ್ತೆ ಮೊದಲಿಂದ. ಎರಡನೇ ಸಲ ಎಲ್ಲಾ ತುಂಬಿ ಸಬ್ಮಿಟ್ ಒತ್ತಿದ್ರೆ ಚಕ್ರ ತಿರುಗಿ ತಿರುಗಿ ಬಿಳಿ ಪರದೆ, ಮೇಲೆ ಸಣ್ಣಗೆ 503, ಅಂದ್ರೆ ಸೈಟನ್ನ ಕೊಡೋ ಕಂಪ್ಯೂಟರ್, ಸರ್ವರ್, ಈಗ ಕೆಲಸ ಮಾಡ್ತಿಲ್ಲ ಅನ್ನೋ ಕೋಡು. ರಿಫ್ರೆಶ್ ಮಾಡಿದೆ, 503. ಮತ್ತೆ ಮಾಡಿದೆ, ಮತ್ತೆ ಅದೇ. ದೊಡ್ಡಮ್ಮ ಮೆಲ್ಲಗೆ ಕೇಳಿದ್ರು, "ನಾನೇನಾದ್ರೂ ತಪ್ಪು ಹೇಳ್ದೆನೇನೋ ಮಗಾ?" ಹೊಟ್ಟೆ ಉರಿದುಹೋಯ್ತು. ಸರ್ವರ್ ಬಿದ್ದಿದ್ದಕ್ಕೆ ಈ ಹಿರಿಜೀವ ತನ್ನನ್ನ ತಾನು ಬೈಕೊಳ್ತಿದೆ.

ಇವತ್ತು ಬೆಳಿಗ್ಗೆ ಆ ಬ್ಯಾನರ್ ನೋಡಿದಾಗ ಗೊತ್ತಾಯ್ತು, ನಾವು ಒತ್ತಿದ ಒಂದೊಂದು ರಿಫ್ರೆಶ್ಶೂ ಆ ಕೋಟಿಯಲ್ಲಿ ಸೇರಿದೆ.

ಹಿಟ್ ಅಂದ್ರೆ ಏನು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಈ ಪದ ಇನ್ನೂ ಬದುಕಿದೆ. ಹಿಟ್ ಅಂದ್ರೆ ಜನ ಅಲ್ಲ. ಭೇಟಿಯೂ ಅಲ್ಲ. ಬ್ರೌಸರು ಸರ್ವರಿಗೆ ಕೇಳೋ ಒಂದೊಂದು ಫೈಲೂ ಒಂದು ಹಿಟ್. ಲೋಗೋ ಒಂದು, ಮೇಲೆ ಓಡೋ ಸ್ಲೈಡರಿನ ಒಂದೊಂದು ಫೋಟೋ ಒಂದೊಂದು, ಫಾಂಟ್ ಒಂದು, ಪುಟದೊಳಗೆ ಓಡೋ ಸಣ್ಣ ಪ್ರೋಗ್ರಾಂಗಳು, ಅಂದ್ರೆ ಸ್ಕ್ರಿಪ್ಟುಗಳು, ಒಂದು ಹತ್ತಿಪ್ಪತ್ತು. ಸಂಜೆ ಸೈಟ್ ಎದ್ದಮೇಲೆ, ಬ್ರೌಸರ್ ಏನೇನು ಕೇಳ್ತು ಅಂತ ತೋರಿಸೋ ನೆಟ್‌ವರ್ಕ್ ಟ್ಯಾಬ್ ಓಪನ್ ಮಾಡಿ ಮುಖಪುಟ ಒಂದೇ ಸಲ ಲೋಡ್ ಮಾಡಿ ಎಣಿಸಿದೆ, 94 ರಿಕ್ವೆಸ್ಟ್. ಒಬ್ಬ ಮನುಷ್ಯ ಒಂದು ಸಲ ಬಾಗಿಲು ತೆಗೆದ್ರೆ 94. ಸ್ಲೈಡರಿಗೆ ಇನ್ನೂ ಹತ್ತು ಫೋಟೋ ಹಾಕಿ, ಜನ ಒಬ್ಬರೂ ಹೆಚ್ಚಾಗದೆ ಹಿಟ್ಸ್ ಏರತ್ತೆ. ಸೈಟ್ ಎದ್ದಿದ್ಯಾ ಬಿದ್ದಿದ್ಯಾ ಅಂತ ನಿಮಿಷಕ್ಕೊಂದು ಸಲ ಕೇಳೋ ಮಾನಿಟರಿಂಗ್ ಸಾಫ್ಟ್‌ವೇರ್ ಒಂದಿದ್ರೆ ದಿನಕ್ಕೆ 1440 ಹಿಟ್ ಅದರದ್ದೇ. ಸೈಟುಗಳನ್ನ ತಾವಾಗೇ ಓದ್ತಾ ಹೋಗೋ ಸರ್ಚ್ ಎಂಜಿನ್ನುಗಳ ಪ್ರೋಗ್ರಾಂಗಳು, ಬಾಟ್‌ಗಳು, ಬೇರೆ. ಇನ್ನು ಸರ್ವರ್ ನಿಧಾನ ಆದಾಗ ಜನ ಏನ್ ಮಾಡ್ತಾರೆ? ರಿಫ್ರೆಶ್ ಮಾಡ್ತಾರೆ. ಅಂದ್ರೆ ಸೈಟ್ ಕೆಟ್ಟಷ್ಟೂ ಹಿಟ್ಸ್ ಜಾಸ್ತಿ. ಕೈಕೊಟ್ಟ ದಿನವೇ ದಾಖಲೆಯ ದಿನ ಆಗಿಬಿಡತ್ತೆ. ನಿನ್ನೆ ಆಗಿದ್ದು ಅದೇ.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಸೈಟಿಗೆ ಬಂದವರ ಲೆಕ್ಕ ಇಡೋ ಗೂಗಲ್ ಅನಲಿಟಿಕ್ಸ್ ಥರದ ಸಾಫ್ಟ್‌ವೇರ್ ಲೆಕ್ಕ ಮಾಡೋದು ಪುಟದೊಳಗಿನ ಒಂದು ಸಣ್ಣ ಸ್ಕ್ರಿಪ್ಟ್ ಓಡಿದಾಗ. ಪುಟವೇ ಬರಲಿಲ್ಲ ಅಂದ್ರೆ ಸ್ಕ್ರಿಪ್ಟೂ ಓಡಲ್ಲ. ಅಂದ್ರೆ 503 ನೋಡಿ ಲ್ಯಾಪ್‌ಟಾಪ್ ಮುಚ್ಚಿದ ಮನುಷ್ಯ ಆ ರಿಪೋರ್ಟಲ್ಲಿ ಇರೋದೇ ಇಲ್ಲ. ಸರ್ವರಿಗೆ ಬಂದಿದ್ದನ್ನೆಲ್ಲಾ ಬರೆದಿಡೋ ಸರ್ವರ್ ಲಾಗಲ್ಲಿ ನಮ್ಮ ದೊಡ್ಡಮ್ಮ ನೂರಾರು ಹಿಟ್, ಅನಲಿಟಿಕ್ಸಲ್ಲಿ ಅವರು ಸೋತ ಕ್ಷಣದ ಗುರುತೇ ಇಲ್ಲ.

2013ರ ಅಕ್ಟೋಬರ್ 1 ನೆನಪಿದ್ಯಾ? ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್, ಆರೋಗ್ಯ ವಿಮೆಯ ಸರ್ಕಾರಿ ಸೈಟ್, ಶುರುವಾದ ದಿನ. ಮೊದಲ 24 ಗಂಟೆಯಲ್ಲಿ 47 ಲಕ್ಷ ಜನ ಬಂದ್ರು ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ರು, ಅಷ್ಟೊಂದು ಬೇಡಿಕೆ ಇರೋದಕ್ಕೇ ಸೈಟ್ ನಿಧಾನ ಅಂದ್ರು. ಆಮೇಲೆ ಅಲ್ಲಿನ ಸಂಸತ್ ಸಮಿತಿ ಹೊರಗೆ ಹಾಕಿದ ಒಳಗಿನ ಟಿಪ್ಪಣಿಗಳಲ್ಲಿ ನೋಡಿದ್ರೆ, ಆ ಮೊದಲ ದಿನ ಕೊನೇ ತನಕ ಹೋಗಿ ವಿಮೆ ತಗೊಂಡವರು 6 ಜನ. ಎರಡನೇ ದಿನ ಮುಗಿಯೋ ಹೊತ್ತಿಗೆ 248. ಆ 47 ಲಕ್ಷ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಬಂದವರ ಕೆಲಸ ಆಯ್ತಾ ಅನ್ನೋದಕ್ಕೆ ಉತ್ತರ ಆ 6ರಲ್ಲಿತ್ತು.

ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಹಳಬರಿಗೆ ಗೊತ್ತು, ನಾನೂ ಒಂದು ಸರ್ಕಾರಿ ಸೈಟಿಗೆ ವರ್ಷಗಟ್ಟಲೆ ಇಂಥ ರಿಪೋರ್ಟ್ ಮಾಡಿಕೊಟ್ಟವನು. ಆಗ ವೆಬಲೈಜರ್ ಅಂತ ಇತ್ತು, ಸರ್ವರ್ ಲಾಗ್ ಓದಿ ತಿಂಗಳಿಗೊಂದು ಪುಟ ಮಾಡಿಕೊಡೋದು. ಅದ್ರಲ್ಲಿ ಹಿಟ್ಸ್, ಫೈಲ್ಸ್, ಪೇಜಸ್, ವಿಸಿಟ್ಸ್ ಅಂತೆಲ್ಲಾ ಬರೋದು, ಮೇಲಿನವರು ವಾರ್ಷಿಕ ವರದಿಗೆ ಒಂದು ಸಂಖ್ಯೆ ಕೊಡಪ್ಪಾ ಅಂದಾಗ ನಾನು ಎಲ್ಲಕ್ಕಿಂತ ದೊಡ್ಡದನ್ನೇ ಕೊಡ್ತಿದ್ದೆ. ಹಿಟ್ಸ್. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ರೆಸ್ಪಾನ್ಸ್ ಕೋಡ್, ಅಂದ್ರೆ ಸರ್ವರ್ ಕೊಟ್ಟ ಉತ್ತರದ ನಂಬರ್, ಅದರ ಪ್ರಕಾರ ವಿಂಗಡಿಸಿದ ಟೇಬಲ್ ಇರ್ತಿತ್ತು, ಸರಿಯಾಗಿ ಸಿಕ್ಕಿದ 200 ಎಷ್ಟು, 404 ಎಷ್ಟು, 500 ಎಷ್ಟು ಅಂತ. ಎಷ್ಟು ಸಲ ಹುಡುಕಿದ ಪುಟ ಸಿಗಲಿಲ್ಲ, ಎಷ್ಟು ಸಲ ಸರ್ವರ್ ಕೈಚೆಲ್ತು ಅನ್ನೋದೆಲ್ಲಾ ಅಲ್ಲೇ ಬರ್ಕೊಂಡಿತ್ತು. ಆ ಟೇಬಲನ್ನ ನಾನು ಒಂದು ದಿನವೂ ವರದಿಗೆ ಹಾಕಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನೆ ದೊಡ್ಡಮ್ಮ ಆ ಮಾತು ಕೇಳಿದಾಗ ನನಗೆ ಆ ಟೇಬಲ್ಲೇ ಕಣ್ಮುಂದೆ ಬಂತು.

"ಹಿಟ್ಸ್ ಹಳೇ ಕಥೆ, ಈಗ ಯೂಸರ್ಸ್ ಲೆಕ್ಕ ಹಾಕ್ತಾರೆ" ಅಂತ ಒಬ್ಬ ಗೆಳೆಯ ಮೆಸೇಜ್ ಮಾಡಿದ. ಸರಿ, ಯೂಸರ್ ಅಂದ್ರೆ ಯಾರು? ಬ್ರೌಸರು! ನನ್ನ ಫೋನಲ್ಲಿ ಒಂದು ಸಲ, ಲ್ಯಾಪ್‌ಟಾಪಲ್ಲಿ ಒಂದು ಸಲ ನೋಡಿದ್ರೆ ನಾನು ಇಬ್ಬರು. ಹೀಗೆ ಗುರುತು ಹಿಡಿಯೋಕೆ ಬ್ರೌಸರೊಳಗೆ ಇಡೋ ಸಣ್ಣ ಚೀಟಿಗೆ ಕುಕೀ ಅಂತಾರೆ. ಆಪಲ್‌ನ ಸಫಾರಿ ಬ್ರೌಸರಲ್ಲಿ 2019ರಿಂದ ಈ ಥರದ ಕುಕೀಸಿಗೆ 7 ದಿನ ಆಯಸ್ಸು, ಹತ್ತು ದಿನ ಬಿಟ್ಟು ಬಂದವನು ಹೊಸಬನಾಗ್ತಾನೆ. ಇನ್ನೊಂದು ಕಡೆ, ಅರ್ಜಿ ತುಂಬಿಕೊಡೋ ಸೆಂಟರಲ್ಲಿ ಒಂದೇ ಕಂಪ್ಯೂಟರ್ ಮುಂದೆ ದಿನವಿಡೀ ಜನ ಸಾಲು ನಿಂತಿರ್ತಾರೆ, ಅಷ್ಟೂ ಜನ ಸೇರಿ ಒಬ್ಬ ಯೂಸರ್. ಮನೇಲಿ ಕಂಪ್ಯೂಟರ್ ಇಲ್ಲದವರು, ಓದು ಬಾರದವರು, ಸರ್ಕಾರದ ಸೇವೆ ಯಾರಿಗೆ ಹೆಚ್ಚು ಬೇಕೋ ಅವರೇ ಲೆಕ್ಕದಲ್ಲಿ ಹಿಂಡಿಹೋಗಿ ಒಂದಾಗಿಬಿಡ್ತಾರೆ. ಇದನ್ನ ಬಿಟ್ಟು ಯೂಸರ್ಸ್ ಬಗ್ಗೆ ಮಾತಾಡಿದ್ರೆ ಅದೂ ಅರ್ಧ ಸತ್ಯವೇ.

"ಇರ್ಲಿ ಬಿಡೋ, ಮೇಲಿನವರಿಗೆ ಒಂದು ಸಂಖ್ಯೆ ತೋರಿಸಿದ್ರೆ ತಾನೇ ಸೈಟಿಗೆ ದುಡ್ಡು ಬರೋದು" ಅಂತಲೂ ಅಂದ. ಈ ವಾದ ನಾನೇ ಎಷ್ಟೋ ಸಲ ಮಾಡಿದೀನಿ. ಒಪ್ಪಲ್ಲ ಈಗ. ಕೋಟಿ ತೋರಿಸಿದ್ರೆ ಮೇಲಿನವರು ಎಲ್ಲಾ ಚೆನ್ನಾಗಿದೆ ಅಂದ್ಕೊಂಡು ಫೈಲ್ ಮುಚ್ತಾರೆ. ನಿನ್ನೆ ಐದು ಗಂಟೆ ಸೈಟ್ ಬಿದ್ದಿತ್ತು ಅಂತ ತೋರಿಸಿದ್ರೆ ತಾನೇ ಇನ್ನೊಂದು ಸರ್ವರಿಗೆ ದುಡ್ಡು ಕೇಳೋಕಾಗೋದು?

ನನ್ನ ಸಿಟ್ಟು ಅನಲಿಟಿಕ್ಸ್ ಮೇಲಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಆ ರಿಪೋರ್ಟಲ್ಲಿ ಚಿನ್ನ ಇದೆ. ಸೈಟಿನೊಳಗಿನ ಸರ್ಚ್ ಬಾಕ್ಸಲ್ಲಿ ಜನ ಏನು ಟೈಪ್ ಮಾಡಿದ್ರು ಅಂತ ಒಂದು ಪಟ್ಟಿ ಬರತ್ತೆ, ಒಂದು ಸಲ ಕೂತು ಓದಿ. ಇಲಾಖೆ ಪುಟಕ್ಕೆ "ಫಲಾನುಭವಿಗಳ ವಾರ್ಷಿಕ ದೃಢೀಕರಣ" ಅಂತ ಹೆಸರಿಟ್ಟಿರತ್ತೆ, ಜನ "ಪೆನ್ಷನ್ ನಿಂತಿದೆ ಏನು ಮಾಡಬೇಕು" ಅಂತ ಟೈಪ್ ಮಾಡಿರ್ತಾರೆ. ಫಲಿತಾಂಶ ಸೊನ್ನೆ. ಅವರು ಹುಡುಕೋ ಪುಟ ಸೈಟಲ್ಲೇ ಇರತ್ತೆ, ಆದ್ರೆ ಅವರ ಮಾತಲ್ಲಿ ಇಲ್ಲ. ಆ ಪಟ್ಟಿ ಓದಿದ್ರೆ ಅರ್ಜಿ ಓದಿದ ಹಾಗೇ ಆಗತ್ತೆ ನನಗೆ. ಅಲ್ಲೇ ಜನ ತಮ್ಮ ಫೋನ್ ನಂಬರು, ಗುರುತಿನ ಚೀಟಿ ನಂಬರೂ ಟೈಪ್ ಮಾಡಿರ್ತಾರೆ, ಅದು ಪುಟದ ವಿಳಾಸದಲ್ಲಿ ಸೇರಿ ಹಾಗೇ ಅನಲಿಟಿಕ್ಸ್ ಕಂಪನಿಗೆ ಹೋಗಿಬಿಡತ್ತೆ, ಇದನ್ನ ತಡೆಯೋದು ಸೈಟ್ ನೋಡ್ಕೊಳ್ಳೋರ ಕೆಲಸ. 2022ರಲ್ಲಿ ಆಸ್ಟ್ರಿಯಾ, ಫ್ರಾನ್ಸ್, ಇಟಲಿಯ ಡೇಟಾ ಸಂರಕ್ಷಣಾ ಸಂಸ್ಥೆಗಳು ಜನರ ಡೇಟಾ ಅಮೆರಿಕಕ್ಕೆ ಹೋಗತ್ತೆ ಅಂತ ಗೂಗಲ್ ಅನಲಿಟಿಕ್ಸ್ ಬಳಕೆ ಬಗ್ಗೆ ತಕರಾರು ತೆಗೆದಿದ್ದು ಸುಮ್ನೆ ಅಲ್ಲ. ಯುರೋಪಿಯನ್ ಕಮಿಷನ್ ತನ್ನ ಸೈಟುಗಳ ಲೆಕ್ಕಕ್ಕೆ ಮಟೋಮೋ ಅನ್ನೋ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಬಳಸತ್ತೆ, ಅದನ್ನ ಸ್ವಂತ ಸರ್ವರಲ್ಲೇ ಇಟ್ಕೋಬಹುದು. ದಾರಿ ಇದೆ.

ಜನ ಯಾವ ಪುಟದಿಂದ ಒಳಗೆ ಬರ್ತಾರೆ ಅಂತಲೂ ನೋಡಿ. ಸರ್ಚಿಂದ ನೇರ ಒಳಗಿನ ಫಾರ್ಮಿಗೆ ಬರೋರು ಎಷ್ಟೋ ಜನ, ಮುಖಪುಟದ ಸ್ಲೈಡರಲ್ಲಿ ಯಾರ ಫೋಟೋ ಮೊದಲು ಬರ್ಬೇಕು ಅಂತ ಮೀಟಿಂಗಲ್ಲಿ ಕಿತ್ತಾಡ್ತಾರಲ್ಲ, ಆ ಸ್ಲೈಡರನ್ನ ಅವರು ನೋಡೋದೇ ಇಲ್ಲ. ಪಿಡಿಎಫ್ ಕಥೆ ಇನ್ನೊಂದು. ಸರ್ಕಾರಿ ಸೈಟಲ್ಲಿ ಅರ್ಧ ವಿಷಯ ಪಿಡಿಎಫಲ್ಲೇ ಇರತ್ತೆ, ಸರ್ಚಿಂದ ನೇರ ಪಿಡಿಎಫ್ ಓಪನ್ ಮಾಡಿದ್ರೆ ಸ್ಕ್ರಿಪ್ಟ್ ಓಡಲ್ಲ, ಲೆಕ್ಕಕ್ಕೆ ಸಿಗಲ್ಲ. ಇನ್ನು ಬಂದ ಪುಟದಿಂದಲೇ ಎದ್ದು ಹೋದ್ರು, ಬೌನ್ಸ್ ರೇಟ್ ಜಾಸ್ತಿ ಅಂತ ಗಾಬರಿಯಾಗೋರೂ ಇದ್ದಾರೆ. ಕಚೇರಿ ಸಮಯ ನೋಡೋಕೆ ಬಂದವನು ನೋಡ್ಕೊಂಡು ಹೋದ, ಒಳ್ಳೇದೇ ಆಯ್ತಲ್ಲ! ನಿನ್ನೆ ನಾವು ಸೈಟಲ್ಲಿ ಕಳೆದ ಸಮಯ ರಿಪೋರ್ಟಲ್ಲಿ "ಎಂಗೇಜ್‌ಮೆಂಟ್" ಅಂತ ಚೆನ್ನಾಗಿ ಕಾಣ್ಸತ್ತೆ. ಮೂರನೇ ಪುಟದಲ್ಲಿ ಸಿಕ್ಕಿಹಾಕ್ಕೊಂಡಿದ್ವಿ ಅಂತ ಕಾಣ್ಬೇಕಾದ್ರೆ ಒಂದೊಂದು ಪುಟಕ್ಕೂ ಎಷ್ಟು ಜನ ಬಂದ್ರು, ಎಷ್ಟು ಜನ ಮುಂದೆ ಹೋದ್ರು ಅಂತ ಸಾಲಾಗಿ ನೋಡ್ಬೇಕು. ಕೊನೇ ಪುಟದ "ಅರ್ಜಿ ಸ್ವೀಕರಿಸಲಾಗಿದೆ" ಅನ್ನೋದು ಎಷ್ಟು ಜನಕ್ಕೆ ಬಂತು? ಆ ಸಂಖ್ಯೆ ಬ್ಯಾನರಲ್ಲಿ ಹಾಕಿ, ನಾನೇ ಮೊದಲು ಶೇರ್ ಮಾಡ್ತೀನಿ.

ಅಮೆರಿಕದವರು 2015ರ ಮಾರ್ಚಲ್ಲಿ ಅನಲಿಟಿಕ್ಸ್ ಡಾಟ್ ಯುಎಸ್ಎ ಡಾಟ್ ಗವ್ ಅಂತ ಒಂದು ಪುಟ ತೆರೆದ್ರು. ಸರ್ಕಾರಿ ಸೈಟುಗಳಲ್ಲಿ ಈ ಕ್ಷಣ ಎಷ್ಟು ಜನ ಇದ್ದಾರೆ, ಯಾವ ಪುಟ ನೋಡ್ತಿದ್ದಾರೆ, ಯಾವ ಥರದ ಫೋನು, ಯಾವ ಬ್ರೌಸರು, ಎಲ್ಲಾ ಯಾರು ಬೇಕಾದ್ರೂ ನೋಡಬಹುದು, ಡೇಟಾ ಇಳಿಸ್ಕೋಬಹುದು. ನಾನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಜನ ಹುಡುಕ್ತಿದ್ದಿದ್ದು ನನ್ನ ಪಾರ್ಸೆಲ್ ಎಲ್ಲಿ, ತೆರಿಗೆ ರೀಫಂಡ್ ಯಾವಾಗ, ಮಳೆ ಬರತ್ತಾ ಅಂತ. ಇಂಥದ್ದೇ. ಯಾವ ಮಂತ್ರಿಯ ಸಂದೇಶವೂ ಆ ಪಟ್ಟಿಯ ಮೇಲೆ ಇರಲಿಲ್ಲ. ಅದರ ಕೋಡ್ ಕೂಡ ಓಪನ್ ಆಗಿದೆ, ಫಿಲಡೆಲ್ಫಿಯಾ ನಗರದವರು ಅದನ್ನೇ ತಗೊಂಡು ತಮ್ಮದು ಮಾಡ್ಕೊಂಡ್ರು. ಬೇರೆಯವರು ಯಾಕೆ ಮಾಡಬಾರ್ದು?

ಆ ಪೋಸ್ಟ್ ಕೆಳಗೆ ಕಾಮೆಂಟ್ ಹಾಕಿದೀನಿ, ನಿನ್ನೆ ಹನ್ನೆರಡರಿಂದ ಐದರ ತನಕ 503 ಎಷ್ಟು, ಫಾರ್ಮ್ ಪೂರ್ತಿ ಆಗಿದ್ದು ಎಷ್ಟು ಅಂತ. ಉತ್ತರ ಬಂದಿಲ್ಲ. ಅಭಿನಂದನೆಗಳು ಬರ್ತಾನೇ ಇವೆ.

ದೊಡ್ಡಮ್ಮನ ಫಾರ್ಮ್ ಇನ್ನೂ ಮೂರನೇ ಪುಟದಲ್ಲೇ ಇದೆ. ನಾಳೆ ಬೆಳಗಿನ ಜಾವ ಐದಕ್ಕೆ ಹೋಗ್ತೀನಿ, ಆಗ ಸರ್ವರ್ ಖಾಲಿ ಇರತ್ತೆ. ಪಾಸ್‌ಬುಕ್ ಈಗ್ಲೇ ಟೇಬಲ್ ಮೇಲೆ ತೆಗೆದಿಡಿ ಅಂತ ಫೋನಲ್ಲಿ ಹೇಳಿದೀನಿ, ಕನ್ನಡಕಾನೂ.