ಕೂತವರ ಮುಖ, ನಿಂತವರ ಅಭಿಪ್ರಾಯ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕಲಾಮೇಳ ಮಾಡಿ ‘ಸ್ಥಳದಲ್ಲೇ ಭಾವಚಿತ್ರ, ಉಚಿತ’ ಎಂದು ಫ್ಲೆಕ್ಸ್ ಕಟ್ಟುವವರು ಮಳಿಗೆಯ ಜಾಗವನ್ನು ಬಹಳ ಯೋಚಿಸಿ ಆರಿಸಬೇಕು. ಇಲ್ಲಿ ಕಡಲು ಪಶ್ಚಿಮಕ್ಕೆ, ಜನ ಸೇರುವುದು ಸಂಜೆ ನಾಲ್ಕರ ಮೇಲೆ. ಕೂರುವವರನ್ನು ಕಡಲಿಗೆ ಮುಖ ಮಾಡಿ ಕೂರಿಸಿದರೆ ಬಿಸಿಲು ಕಣ್ಣಿಗೇ ಹೊಡೆದು ಪ್ರತಿಯೊಬ್ಬರೂ ಮುರುಗಲು ಸಿಪ್ಪೆ ಅಗಿದವರಂತೆ ಬರುತ್ತಾರೆ. ಕಡಲಿಗೆ ಬೆನ್ನು ಹಾಕಿಸಿದರೆ ಕಲಾವಿದನಿಗೆ ಕಾಣುವುದು ಎರಡು ಕಿವಿಯ ಒಂದು ಕಪ್ಪು ಆಕಾರ ಮಾತ್ರ. ಉತ್ತರಕ್ಕೆ ತಿರುಗಿಸಿ ಕೂರಿಸಿದರೆ ಎಡಗೆನ್ನೆಗೆ ಬೆಳಕು, ಬಲಗೆನ್ನೆಗೆ ನೆರಳು ಬಂದು ಹೋಲಿಕೆ ಕೂಡಿಬಿಡುವ ಅಪಾಯವಿದೆ. ಆದರೆ ಹಾಗೆ ಕೂತರೆ ಫೋಟೋದಲ್ಲಿ ಹಿಂದೆ ಪ್ರಾಯೋಜಕರ ಬ್ಯಾನರ್ ಬರುವುದಿಲ್ಲ. ಆದ್ದರಿಂದ ಯಾರೂ ಹೆದರಬೇಕಿಲ್ಲ.

ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗಿ ಎಲ್‌ಇಡಿ ಫ್ಲಡ್‌ಲೈಟಿನ ರಾಜ್ಯಭಾರ. ಎಡಕ್ಕೊಂದು, ಬಲಕ್ಕೊಂದು, ನೆತ್ತಿಗೊಂದು. ಪೆನ್ಸಿಲ್ಲಿನಲ್ಲಿ ಮೂಗೆಂದರೆ ಹೆಚ್ಚಿನಂಶ ನೆರಳೇ. ಮೂರು ಕಡೆಯ ಬೆಳಕು ಆ ನೆರಳನ್ನು ತಿಂದುಹಾಕಿದ ಮೇಲೆ ಉಳಿಯುವುದು ಎರಡು ಹೊಳ್ಳೆ. ಅಷ್ಟರಲ್ಲಿ ಪಕ್ಕದ ವೇದಿಕೆಯ ನೃತ್ಯಕ್ಕೆ ಬಿಟ್ಟ ನೀಲಿ, ಕೆಂಪು ದೀಪಗಳು ಇತ್ತಲೂ ಹಾಯುವುದರಿಂದ ಒಂದೇ ಮುಖಕ್ಕೆ ನಿಮಿಷಕ್ಕೆ ನಾಲ್ಕು ಕೆನ್ನೆ.

ಇನ್ನು ಹಾಳೆ. 150 ಜಿಎಸ್‌ಎಂನ (ಚದರ ಮೀಟರಿಗೆ 150 ಗ್ರಾಂ ತೂಗುವ) ಕಾರ್ಟ್ರಿಜ್ ಹಾಳೆ, ಅಂದರೆ ತುಸು ತರಿಯಾದ ದಪ್ಪ ಚಿತ್ರದ ಹಾಳೆ ಬೇಕೆಂದು ಕಲಾವಿದರು ಬರೆದುಕೊಟ್ಟ ಪಟ್ಟಿಗೆ ಬರುವುದು ಝೆರಾಕ್ಸ್ ಹಾಳೆಯ ಕಟ್ಟು. ‘ಎರಡೂ ಬಿಳಿಯೇ ಅಲ್ವಾ?’ ಎನ್ನುವ ಪ್ರಶ್ನೆಗೆ ಯಾವ ಅಕಾಡೆಮಿಯಲ್ಲೂ ಉತ್ತರವಿಲ್ಲ. ಝೆರಾಕ್ಸ್ ಹಾಳೆಯ ನುಣುಪಿಗೆ 6ಬಿ ಎಂಬ ಮೆದು, ಕಡುಗಪ್ಪು ಪೆನ್ಸಿಲ್ ಕಚ್ಚುವುದಿಲ್ಲ, ಜಾರುತ್ತದೆ. ಎರಡನೇ ಸಲ ಉಜ್ಜಿದರೆ ಮಿರಮಿರ ಮಿಂಚುತ್ತದೆ, ಮೂರನೇ ಸಲಕ್ಕೆ ಹಾಳೆಯೇ ಎದ್ದುಬರುತ್ತದೆ. ಕಡಲ ತೇವಕ್ಕೆ ಸಂಜೆಯೊಳಗೆ ಕಟ್ಟಿಗೆ ಕಟ್ಟೇ ಮೆತ್ತಗಾಗಿರುತ್ತದೆ. ಗಾಳಿಗೆ ಹಾರದಿರಲು ಬೋರ್ಡಿನ ನಾಲ್ಕೂ ಮೂಲೆಗೆ ಕ್ಲಿಪ್ ಬೇಕು. ಸಿಗುವುದು ಎರಡು, ಉಳಿದೆರಡು ಅತಿಥಿಗಳ ಸ್ವಾಗತಪತ್ರ ಹಿಡಿದುಕೊಂಡಿವೆ. ಇದ್ದಲಿನಲ್ಲಿ ಬರೆಯುವ ಶೂರರಿಗೆ ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ, ಫಿಕ್ಸೆಟಿವ್ ಬೇಕು. ಒಂದಡಿ ದೂರದಿಂದ ತೆಳ್ಳಗೆ ಎರಡು ಮೂರು ಸಲ ಹೊಡೆದು ನಡುನಡುವೆ ಒಣಗಲು ಬಿಡಬೇಕು. ಅವಸರಕ್ಕೆ ಒಮ್ಮೆಲೇ ಹೊಡೆದರೆ ಈ ತೇವದಲ್ಲಿ ಮುಖದ ಮೇಲೆ ಬೂದಿಬಣ್ಣದ ಮಂಜು ಕೂರುತ್ತದೆ. ಹೊಡೆಯದಿದ್ದರೆ? ಸ್ಕೂಟರ್ ಡಿಕ್ಕಿಯಲ್ಲಿ ಸುತ್ತಿಟ್ಟ ಚಿತ್ರ ಕೋಡಿಬಾಗ ಮುಟ್ಟುವಷ್ಟರಲ್ಲಿ ಅಪ್ಪನ ಮೀಸೆ ಮಗಳ ಹಣೆಗೆ ಹತ್ತಿರುತ್ತದೆ.

ಲೆಕ್ಕಕ್ಕೆ ಬರೋಣ. ನಾಲ್ವರು ಕಲಾವಿದರು, ಮೂರು ತಾಸು, ಹಂಚಿದ ಟೋಕನ್ 300. ತಲೆಗೆ ಬರುವುದು 2 ನಿಮಿಷ 24 ಸೆಕೆಂಡು. ಒಂದು ಮುಖ ಮರ್ಯಾದೆಯಿಂದ ಬರಲು ಕೈ ಪಳಗಿದವರಿಗೂ ಹನ್ನೆರಡು, ಹದಿನೈದು ನಿಮಿಷ ಬೇಕು. ಮೊದಲ ಎರಡು ನಿಮಿಷದಲ್ಲಿ ಆಗುವುದು ತಲೆಯ ಆಕಾರ, ನಡುಗೆರೆ, ಕಣ್ಣಿನ ಗೆರೆ, ಅಷ್ಟೇ. ಕಣ್ಣು ಬರುವುದು ನೆತ್ತಿಗೂ ಗದ್ದಕ್ಕೂ ಸರಿ ಅರ್ಧದಲ್ಲಿ. ಹಾಗೆ ಗೆರೆ ಹಾಕಿದ್ದೇ ತಡ, ಬೆನ್ನ ಹಿಂದೆ ನಿಂತ ಎಂಟು ಜನರಲ್ಲಿ ಒಬ್ಬರು, ‘ಕಣ್ಣು ಕೆಳಗೆ ಬಂತು ಮಾಸ್ತರ್ರೆ’ ಎಂದು ತಿದ್ದುತ್ತಾರೆ. ಇನ್ನೊಬ್ಬರಿಗೆ ‘ಸ್ವಲ್ಪ ಬೆಳ್ಳಗೆ’ ಬೇಕು. ಬೆಳ್ಳಗೆ ಮಾಡುವುದು ಸುಲಭ, ಛಾಯೆ ಹಾಕದೆ ಬಿಟ್ಟರಾಯಿತು. ಮೂಗು ಮೊದಲೇ ಹೋಗಿತ್ತು, ಈಗ ಕೆನ್ನೆಯೂ ಹೋಗುತ್ತದೆ.

ಕೂತವರು ಈ ನಡುವೆ ಮೊಬೈಲ್ ನೋಡುತ್ತಿರುತ್ತಾರೆ. ತಲೆ ಬಾಗಿದರೆ ಕಿವಿ ಕಣ್ಣಿನ ಗೆರೆಗಿಂತ ಮೇಲೇರುತ್ತದೆ, ಹಣೆ ಹಿಗ್ಗುತ್ತದೆ, ಗದ್ದ ಕುಗ್ಗುತ್ತದೆ. ಒಂದು ಕಣ್ಣು ನೆಟ್ಟಗೆ ಕೂತಾಗ ಬರೆದದ್ದು, ಇನ್ನೊಂದು ವಾಟ್ಸಾಪ್ ನೋಡುವಾಗ ಬರೆದದ್ದು. ಈ ದಂಡೆಯಲ್ಲಿ ಹದಿನೈದು ನಿಮಿಷ ಅಲುಗದೆ ಕೂರಬಲ್ಲದ್ದು ಸಂಗ್ರಹಾಲಯವಾಗಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಾಪಲ್ ಒಂದೇ. ಅದಕ್ಕೆ ಟೋಕನ್ ಕೊಡಲಿಲ್ಲ.

ಅಂದಹಾಗೆ, ಹೋಲಿಕೆಯ ವಿಷಯದಲ್ಲಿ ಸಂಘಟಕರಿಗೂ ಅವರದೇ ಶೈಲಿಯಿದೆ. ರವೀಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದದ್ದು 1883ರಲ್ಲಿ, 22ರ ಪ್ರಾಯದಲ್ಲಿ. ಸ್ವಾಗತ ಕಮಾನಿನಲ್ಲಿ ಮಾತ್ರ ಎದೆತನಕದ ಬಿಳಿ ಗಡ್ಡ. ಕಲಾವಿದರ ದೃಷ್ಟಿಯಿಂದ ಇದು ಜಾಣತನವೇ: ಗಡ್ಡ ಬಿಟ್ಟರೆ ಬಾಯಿ, ದವಡೆಗಳ ತಂಟೆಯೇ ಇಲ್ಲ, ಅರ್ಧ ತಪ್ಪು ಅದರೊಳಗೇ ಅಡಗುತ್ತದೆ.

ಟೋಕನ್ ಬೇಡದ ಮುಖ ಒಂದಿದೆ, ಮುಖ್ಯ ಅತಿಥಿಗಳದ್ದು. ಅವರ ‘ಸ್ಥಳದಲ್ಲೇ ಭಾವಚಿತ್ರ’ವನ್ನು ಹಿಂದಿನ ರಾತ್ರಿಯೇ ವಾಟ್ಸಾಪ್ ಡಿಪಿ ನೋಡಿ ಮುಗಿಸಿರಬೇಕು. ಅದಕ್ಕೆ ಮಾತ್ರ ಎ3 ಅಳತೆಯ ದಪ್ಪ ಹಾಳೆ ಬರುತ್ತದೆ, ಚೌಕಟ್ಟೂ ಸಿದ್ಧ. ಅವರು ಕುರ್ಚಿಯಲ್ಲಿ ಕೂತು ಕ್ಯಾಮೆರಾ ಕಡೆ ನಗುವಾಗ ಕಲಾವಿದ ಮುಗಿದ ಚಿತ್ರದ ಮೇಲೆ ಗಾಳಿಯಲ್ಲೇ ಪೆನ್ಸಿಲ್ ಆಡಿಸಬೇಕು, ಹಾಳೆಗೆ ತಾಗಿಸಬಾರದು. ಕೊನೆಗೆ ‘ಬೇರೆ ತುರ್ತು ಕಾರ್ಯಕ್ರಮ’ದ ಕಾರಣ ಸಾಹೇಬರು ಬರುವುದಿಲ್ಲ, ಬದಲಿಗೆ ಇನ್ನೊಬ್ಬರನ್ನು ಕಳಿಸುತ್ತಾರೆ. ಚಿತ್ರದಲ್ಲಿ ದಪ್ಪ ಮೀಸೆ. ಬಂದವರಿಗೆ ಮೀಸೆಯಿಲ್ಲ, ಕನ್ನಡಕವಿದೆ. 6ಬಿಯ ಮೀಸೆಯನ್ನು ತಿಕ್ಕಿದರೆ ಹರಡುತ್ತದೆ. ಮೆತ್ತನೆಯ ನೀಡೆಡ್ ರಬ್ಬರನ್ನು ಒತ್ತಿ ಒತ್ತಿ ಎತ್ತಬೇಕು, ಆಗಲೂ ಮೇಲ್ದುಟಿಯ ಮೇಲೆ ಎರಡು ದಿನ ಕ್ಷೌರ ಮಾಡದಷ್ಟು ಉಳಿಯುತ್ತದೆ. ಕನ್ನಡಕಕ್ಕೆ ಒಂದು ನಿಮಿಷ ಸಾಕು. ನಿರೂಪಕರು ಮೈಕಿನಲ್ಲಿ ‘ತದ್ರೂಪ, ತದ್ರೂಪ!’ ಎಂದು ಆಗಲೇ ಶುರು ಮಾಡಿರುತ್ತಾರೆ.