ರೊಟಂಡಾದಲ್ಲಿ ಮಲಗಲು ಬೇಕಾದ ಅರ್ಹತೆ

ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 'ಪೇಜ್' ಅಂತ, ಸದಸ್ಯರ ಚಾಕರಿ ಮಾಡುವ ಹುಡುಗ-ಹುಡುಗಿಯರ ಒಂದು ಹುದ್ದೆ ಇದೆ. ವಯಸ್ಸು 16-17. ಕಡು ನೀಲಿ ಸೂಟು, ಟೈ. ಬೆಳಗಿನ ಜಾವ ಹಾಸ್ಟೆಲಿನ ನೆಲಮಾಳಿಗೆಯಲ್ಲೇ ಪಾಠ, ಆಮೇಲೆ ಸದನದಲ್ಲಿ ಓಡಾಟ. ಯಾವ ಸಾಹೇಬರಿಗೆ ಬರೀ ನೀರು, ಯಾರಿಗೆ ಗುಳ್ಳೆ ನೀರು, ಯಾರಿಗೆ ಐಸ್ ಆಗಲ್ಲ, ಎಲ್ಲ ಬಾಯಿಪಾಠ ಇರಬೇಕು. ಭಾಷಣಕ್ಕೆ ಎದ್ದವರ ಮುಂದೆ ಪೀಠ ಹೊತ್ತು ತಂದಿಡಬೇಕು. ಅಣುಬಾಂಬು, ಬಜೆಟ್ಟು ಎಲ್ಲ ಈ ಸೆನೆಟರುಗಳ ಕೈಯಲ್ಲೇ ಇದೆ. ನೀರಿನ ಲೋಟ ಮಾತ್ರ ಕೈಗೆಟುಕುವುದಿಲ್ಲ, ಪಾಪ.

1829ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ನೇಮಿಸಿದ ಮೊದಲ ಪೇಜ್‌ಗೆ ಒಂಬತ್ತೇ ವರ್ಷವಂತೆ. ಈಗ ಪರವಾಗಿಲ್ಲ, ಮೀಸೆ ಚಿಗುರುವವರೆಗಾದರೂ ಕಾಯುತ್ತಾರೆ.

ಕೆಳಮನೆ 2011ರಲ್ಲಿ ತನ್ನ ಪೇಜ್‌ಗಳನ್ನು ಮನೆಗೆ ಕಳಿಸಿತು. ಇಮೇಲ್ ಬಂದಿದೆ, ಚೀಟಿ ಒಯ್ಯಲು ಹುಡುಗರು ಯಾಕೆ ಅಂತ. ಸೆನೆಟ್ ಕಳಿಸಲಿಲ್ಲ. ಒಳ್ಳೆಯದೇ ಆಯಿತು. 2020ರ ಟ್ರಂಪ್ ಮಹಾಭಿಯೋಗದ ವಿಚಾರಣೆಯಲ್ಲಿ ಸೆನೆಟರುಗಳ ಫೋನು ಹೊರಗಿಡಿಸಿದರು. ಕುಡಿಯಲು ನೀರು, ಬಿಟ್ಟರೆ ಹಾಲು. ದೇಶದ ಅಧ್ಯಕ್ಷನ ಹಣೆಬರಹ ನಿರ್ಧರಿಸುವವರು ಹಾಲು ಕುಡಿಯುತ್ತಾ, ಹೈಸ್ಕೂಲ್ ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತಾ ಕೂತರು.

ಇನ್ನು 2023ರ ಜುಲೈ. ನಡುರಾತ್ರಿ ದಾಟಿದೆ. ಅವಧಿ ಮುಗಿಯುತ್ತಿದ್ದ ಪೇಜ್‌ಗಳು ಸಂಸತ್ ಭವನ ಕ್ಯಾಪಿಟಲ್‌ನ ಗುಮ್ಮಟದಡಿಯ ದುಂಡು ಸಭಾಂಗಣ ರೊಟಂಡಾದ ನೆಲದ ಮೇಲೆ ಅಂಗಾತ ಮಲಗಿ ಗುಮ್ಮಟದ ಫೋಟೊ ತೆಗೆಯುತ್ತಿದ್ದರು. ಅದೇ ಹೊತ್ತಿಗೆ ಬಂದರು ವಿಸ್ಕಾನ್ಸಿನ್‌ನ ಕೆಳಮನೆ ಸಂಸದ ಡೆರಿಕ್ ವ್ಯಾನ್ ಆರ್ಡನ್. ಸೋಮಾರಿಗಳೇ, ಏಳಿ ಅಂತ ಇಲ್ಲಿ ಬರೆಯಲಾಗದ ಮಾತಲ್ಲಿ ಬೈದರು. ಅಂತರ್ಯುದ್ಧದಲ್ಲಿ ಇದು ಗಾಯಾಳುಗಳ ಆಸ್ಪತ್ರೆಯಾಗಿತ್ತು, ಮರ್ಯಾದೆ ಬೇಡವೇ ಎಂಬುದು ಅವರ ವಾದ. ಗಾಯಾಳುಗಳೂ ಮಲಗಿಯೇ ಇದ್ದಿರಬೇಕು, ಅಲ್ವಾ? 1865ರಲ್ಲಿ ಲಿಂಕನ್ ಅವರನ್ನೂ ಇಲ್ಲೇ ಮಲಗಿಸಿದ್ದರು. ಒಟ್ಟಿನಲ್ಲಿ ಆ ನೆಲದ ಮೇಲೆ ಮಲಗಬೇಕೆಂದರೆ ಗುಂಡು ತಿಂದಿರಬೇಕು, ಇಲ್ಲವೇ ಸತ್ತಿರಬೇಕು. ಸುಮ್ನೆ ಸುಸ್ತಾದರೆ ಸಾಲದು.

2021ರ ಜನವರಿ 6ರಂದು ಇದೇ ರೊಟಂಡಾಕ್ಕೆ ಗಲಭೆಕೋರರು ನುಗ್ಗಿದ್ದರು. ಆ ದಿನದ ವಿಡಿಯೊ ನೋಡಿ 'ಮಾಮೂಲಿ ಪ್ರವಾಸಿಗರ ಹಾಗಿದೆ' ಎಂಬರ್ಥದ ಮಾತಾಡಿದ ಸಂಸದರೂ ಇದ್ದಾರೆ. ಫೋಟೊ ತೆಗೆಯುವ ಮಕ್ಕಳನ್ನು ಕಂಡರೆ ಮಾತ್ರ ಮೈಮೇಲೆ ದೇವರು ಬರುತ್ತದೆ.

ವ್ಯಾನ್ ಆರ್ಡನ್ ಬೈದಾಗ ಮಾತ್ರ, ಯಾವ ವಿಷಯಕ್ಕೂ ಒಮ್ಮತಕ್ಕೆ ಬಾರದ, ಆಗ ಸೆನೆಟ್‌ನಲ್ಲಿ ಎದುರಾಳಿ ಪಕ್ಷಗಳ ನಾಯಕರಾಗಿದ್ದ ಶೂಮರ್ ಮತ್ತು ಮೆಕಾನೆಲ್ ಒಟ್ಟಿಗೆ ಪೇಜ್‌ಗಳ ಪರ ನಿಂತರು. ಲೋಟ ತುಂಬಿಸುವವರನ್ನು ಎದುರು ಹಾಕಿಕೊಳ್ಳಬಾರದು ಅನ್ನುವಷ್ಟು ಬುದ್ಧಿ ಎರಡೂ ಪಕ್ಷಕ್ಕಿದೆ.