ಬಚ್ಚಲಿಗೇ ಬಂದ ಸೇವೆ

ಇನ್ನು ಮುಂದೆ ಸೇವೆ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ ಎಂದು ದೊಡ್ಡವರು ಹೇಳಿದಾಗ ನಾನು ನಂಬಿರಲಿಲ್ಲ. ನನ್ನದೇ ತಪ್ಪು. ಬಂತು. ಬಾಗಿಲು ತಟ್ಟುವ ತೊಂದರೆಯನ್ನೂ ತೆಗೆದುಕೊಳ್ಳದೆ, ನೇರವಾಗಿ ಬಚ್ಚಲಿನ ಜಾಲರಿಯಿಂದಲೇ ಎದ್ದು ಬಂತು.

ಬೆಳಗ್ಗೆ ಐದೂವರೆ. ಮೊದಲು ಒಂದು ಶಬ್ದ. ಗುಳುಕ್. ಹೊಟ್ಟೆ ಕೆಟ್ಟವರು ಸಭೆಯಲ್ಲಿ ಕುಳಿತಾಗ ಬರುತ್ತದಲ್ಲ, ಆ ಥರ. ಆಮೇಲೆ ಕಪ್ಪು ನೀರು. ನೀರಿನ ಜೊತೆ ಏನೇನು ಬಂತು ಎಂದು ನಾನು ಬರೆಯುವುದಿಲ್ಲ. ನೀವು ಒಂದೋ ಇದನ್ನು ಅನುಭವಿಸಿದವರು, ಇಲ್ಲವೇ ಮೇಲಿನ ಮಹಡಿಯಲ್ಲಿ ಇರುವವರು. ಮೂರನೇ ಪಂಗಡ ಇಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಕಟ್ಟಿದವರು ಒಂಟಿ ಮನೆಯಲ್ಲಿ ಇದ್ದಿರಬೇಕು. ನಾಲ್ಕು ಮಹಡಿಯ ಕಟ್ಟಡದಲ್ಲಿ ಮಾಡುವ ಮಹಾರಾಯರೇ ಬೇರೆ, ಉಣ್ಣುವ ಮಹಾರಾಯರೇ ಬೇರೆ. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ನೀರಿನ ಸ್ವಭಾವ ಅಷ್ಟೇ. ಎಲ್ಲ ಮನೆಗಳ ಕೊಳಚೆ ಒಂದೇ ಪೈಪಿನಲ್ಲಿ ಇಳಿದು, ಅಂಗಳದ ಚೇಂಬರ್ ದಾಟಿ, ಬೀದಿಯ ದೊಡ್ಡ ಪೈಪಿಗೆ ಸೇರಬೇಕು. ಮುಂದೆ ಎಲ್ಲೋ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಹಿಂದಕ್ಕೆ ಏರುತ್ತದೆ, ಸಿಕ್ಕ ಮೊದಲ ತೂತಿನಿಂದ ಹೊರಗೆ ಬರುತ್ತದೆ. ಆ ಮೊದಲ ತೂತು ಸಾಮಾನ್ಯವಾಗಿ ಎಲ್ಲರಿಗಿಂತ ಕೆಳಗಿನ ಮನೆಯ ನೆಲದ ಜಾಲರಿ. ಕಮೋಡಿಗೆ ಸ್ವಲ್ಪ ಎತ್ತರದ ಸ್ಥಾನಮಾನ ಇದೆ, ಅದರ ಸರದಿ ಆಮೇಲೆ. ಹೀಗಾಗಿ ಮೂರನೇ ಮಹಡಿಯವರು ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೂ ನಮಗೆ ಗೊತ್ತಾಗುತ್ತದೆ. ಅವರು ವಾಷಿಂಗ್ ಮೆಷಿನ್ ಹಾಕಿದ ದಿನವಂತೂ ನಮಗೆ ನೊರೆಯ ಸಮೇತ ಗೊತ್ತಾಗುತ್ತದೆ.

ಮೇಲೆ ಹೋಗಿ ಹೇಳಿದೆ. ಒಂದು ಗಂಟೆ ನೀರು ಬಿಡಬೇಡಿ, ಫ್ಲಶ್ ಮಾಡಬೇಡಿ, ಕೆಳಗೆ ಉಕ್ಕುತ್ತಿದೆ ಎಂದೆ. ಅಯ್ಯೋ ಪಾಪ ಎಂದರು. ಬಾಗಿಲು ಹಾಕಿಕೊಂಡರು. ನಾನು ಮೆಟ್ಟಿಲು ಇಳಿದು ಮುಗಿಸುವಷ್ಟರಲ್ಲಿ ಅವರ ಪಾಪ ನನಗಿಂತ ಮೊದಲೇ ಕೆಳಗೆ ತಲುಪಿತ್ತು.

ಆಮೇಲೆ ಒಳಚರಂಡಿ ಕಚೇರಿಗೆ ಫೋನ್. ಎತ್ತಿದವರು ಬಹಳ ಸಭ್ಯರು, ಅದನ್ನು ಹೇಳಲೇಬೇಕು.

"ಸಾರ್, ಕಾಂಪೌಂಡ್ ಒಳಗಾ, ಹೊರಗಾ?"

"ಒಳಗೆ. ಬಚ್ಚಲಲ್ಲಿ."

"ಒಳಗಿದ್ರೆ ನಿಮ್ಮದು ಸಾರ್. ಹೊರಗಿದ್ರೆ ಮಾತ್ರ ನಮ್ಮದು."

"ಅದು ಹೊರಗಿಂದಲೇ ಒಳಗೆ ಬಂದಿದ್ದು."

"ಒಳಗೆ ಬಂದ ಮೇಲೆ ನಿಮ್ಮದೇ ಆಯ್ತಲ್ಲ ಸಾರ್."

ಈ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಒಂದು ತುಂಡು ಜಾಗ ಹೆಸರಿಗೆ ಮಾಡಿಸಿಕೊಳ್ಳಲು ಜನ ವರ್ಷಗಟ್ಟಲೆ ಅಲೆಯುತ್ತಾರೆ. ನನಗೆ ಸಾಕ್ಷಿ ಇಲ್ಲ, ಸಹಿ ಇಲ್ಲ, ಸ್ಟಾಂಪ್ ಪೇಪರ್ ಇಲ್ಲ, ಎರಡೇ ನಿಮಿಷದಲ್ಲಿ ಇಡೀ ಬೀದಿಯ ಆಸ್ತಿ ನನ್ನ ಹೆಸರಿಗೆ ಆಯ್ತು.

ಯಾರದು ಎಂದು ತಿಳಿಯಲು ಸುಲಭದ ದಾರಿ ಒಂದಿದೆ. ಅಂಗಳದ ಚೇಂಬರಿನ ಮುಚ್ಚಳ ಎತ್ತಿ ನೋಡುವುದು. ಅದು ಖಾಲಿ ಇದ್ದರೆ ಕಟ್ಟಿಕೊಂಡಿರುವುದು ಮನೆಯ ಕಡೆ. ತುಂಬಿ ನಿಂತಿದ್ದರೆ ಅದರಿಂದ ಮುಂದೆ, ಬೀದಿಯ ಕಡೆ. ನಮ್ಮದು ಕಂಠದವರೆಗೆ ತುಂಬಿತ್ತು. ಮತ್ತೆ ಫೋನ್ ಮಾಡಿ, ನೋಡಿ, ನಿಮ್ಮದೇ ಪೈಪು ಕಟ್ಟಿಕೊಂಡಿದೆ ಎಂದು ಸ್ವಲ್ಪ ಗೆದ್ದ ದನಿಯಲ್ಲೇ ಹೇಳಿದೆ. ಹಾಗಾದರೆ ಆ್ಯಪ್‌ನಲ್ಲಿ ಹಾಕಿ ಸಾರ್ ಎಂದರು.

ಆ್ಯಪ್ ತೆರೆದೆ. ಬೀದಿ ದೀಪ ಇದೆ. ಕಸ ಇದೆ. ರಸ್ತೆ ಗುಂಡಿ ಇದೆ. ಬಿದ್ದ ಮರ ಇದೆ. ಮನೆಯೊಳಗೆ ನಿಂತ ಊರಿನ ಮಲ ಎಂಬ ವಿಭಾಗ ಇಲ್ಲ. ಕೊನೆಗೆ "ಇತರೆ" ಒತ್ತಿದೆ. ಸರಿಯಾಗಿಯೇ ಇದೆ, ಅದು ಇತರೆಯವರದ್ದೇ ತಾನೆ. ಫೋಟೊ ಹಾಕಿ ಎಂದಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂಟಿ ಕಾಲಲ್ಲಿ ನಿಂತು ತೆಗೆದು ಹಾಕಿದೆ. ಚಿತ್ರ ಸ್ಪಷ್ಟವಾಗಿಲ್ಲ, ಇನ್ನಷ್ಟು ಹತ್ತಿರದಿಂದ ತೆಗೆಯಿರಿ ಎಂದು ಉತ್ತರ ಬಂತು.

ಇಲ್ಲಿ ಹಳೇ ರೋಮನ್ನರನ್ನು ನೆನೆಯಬೇಕು. ಅವರಿಗೆ ಒಳಚರಂಡಿಗೆಂದೇ ಒಬ್ಬ ದೇವತೆ ಇದ್ದಳು, ಕ್ಲೋಯಾಸಿನಾ. ಊರಿನ ನಡುವೆ, ಫೋರಂ ಎಂಬ ದೊಡ್ಡ ಚೌಕದಲ್ಲೇ ಅವಳಿಗೆ ಗುಡಿ. ನಗಬೇಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಜನ ಇದು ಯಾರ ವ್ಯಾಪ್ತಿ ಎಂಬ ಪ್ರಶ್ನೆಯನ್ನು ಬಗೆಹರಿಸಿಕೊಂಡಿದ್ದರು. ಅವಳು ಕಾಯುತ್ತಿದ್ದ ಕ್ಲೋಯಾಕಾ ಮ್ಯಾಕ್ಸಿಮಾ ಎಂಬ ದೊಡ್ಡ ಚರಂಡಿಯ ಭಾಗಗಳು ಇವತ್ತಿಗೂ ನೀರು ಹರಿಸುತ್ತವೆ. ಅವಳು ಬೇಡಿಕೆ ಈಡೇರಿಸುತ್ತಿದ್ದಳೋ ಇಲ್ಲವೋ, ಹತ್ತಿರದ ಫೋಟೊ ಅಂತೂ ಕೇಳಿರಲಾರಳು.

ರೋಮ್ ತೀರಾ ದೂರ ಅನ್ನಿಸಿದರೆ 1858ರ ಲಂಡನ್ ನೋಡಿ. ನನಗೆ ಬಹಳ ಇಷ್ಟವಾದ ಕಥೆ. ಊರಿನ ಕೊಳಚೆಯೆಲ್ಲ ಥೇಮ್ಸ್ ನದಿಗೆ ಬೀಳುತ್ತಿತ್ತು. ಆ ನದಿಯ ನೀರನ್ನೇ ಎಷ್ಟೋ ಜನ ಕುಡಿಯುತ್ತಿದ್ದರು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಿದ್ದರು. ಸಮಿತಿಗಳಾದವು, ವರದಿಗಳಾದವು, ಖರ್ಚು ಯಾರದು ಎಂಬ ಜಗಳವಾಯ್ತು. ಆ ವರ್ಷದ ಬೇಸಿಗೆ ಮಾತ್ರ ಸ್ವಲ್ಪ ಜಾಸ್ತಿ ಸುಟ್ಟಿತು. ನದಿ ನಾರತೊಡಗಿತು. ಪಾರ್ಲಿಮೆಂಟ್ ಕಟ್ಟಡ ಇರುವುದು ನದಿಯ ದಂಡೆಯ ಮೇಲೆಯೇ. ಕಿಟಕಿಯ ಪರದೆಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಅದ್ದಿ ಕಟ್ಟಿದರು. ಆದರೂ ಒಳಗೆ ಕೂರಲು ಆಗಲಿಲ್ಲ. ಆಮೇಲೆ ಏನಾಯ್ತು? ಮಸೂದೆ ಬಂದು ಕಾನೂನಾಗಲು ಹಿಡಿದದ್ದು 18 ದಿನ. ಜೋಸೆಫ್ ಬಾಜಲ್‌ಜೆಟ್ ಎಂಬ ಎಂಜಿನಿಯರ್ 130 ಕಿಲೋಮೀಟರಿಗೂ ಉದ್ದದ ಇಟ್ಟಿಗೆಯ ಮುಖ್ಯ ಚರಂಡಿಗಳನ್ನು ಕಟ್ಟಿದ. ಸಾವಿರಾರು ಹೆಣಗಳಿಂದ ಆಗದ ಕೆಲಸ ನಾಲ್ಕಾರು ಗಣ್ಯ ಮೂಗುಗಳಿಂದ ಆಯ್ತು.

ಇದನ್ನು ಓದಿದ ಮೇಲೆ ನನಗೊಂದು ಯೋಜನೆ ಹೊಳೆದಿದೆ, ಪುಕ್ಕಟೆ ಕೊಡುತ್ತೇನೆ. ಒಳಚರಂಡಿ ನೋಡಿಕೊಳ್ಳುವ ಪ್ರತಿ ಕಚೇರಿಯನ್ನೂ ತಗ್ಗಿನ ಜಾಗದಲ್ಲಿ, ಪೈಪಿನ ಕೊನೆಯಲ್ಲಿ, ನೆಲಮಹಡಿಯಲ್ಲಿ ಇಡಿ. ದೊಡ್ಡ ಸಾಹೇಬರ ಕುರ್ಚಿ ಸರಿಯಾಗಿ ಜಾಲರಿಯ ಮೇಲೆ ಬರಲಿ. ಆ್ಯಪ್ ಬೇಕಾಗುವುದಿಲ್ಲ.

ಹಾಗಂತ ನಾವೇನು ಸಾಚಾಗಳಲ್ಲ. ಪೈಪು ತಾನಾಗಿ ಕಟ್ಟಿಕೊಳ್ಳುವುದಿಲ್ಲ. ಕರಿದ ಎಣ್ಣೆಯನ್ನು ಬಿಸಿಯಿರುವಾಗ ಸಿಂಕಿಗೆ ಸುರಿಯುತ್ತೇವೆ, ಅದು ಮುಂದೆ ತಣ್ಣಗಾಗಿ ಪೈಪಿನ ಒಳಗೋಡೆಗೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಕೂದಲು, ಪ್ಯಾಡು, ಮಗು ಒರೆಸಿದ ವೈಪ್ಸ್ ಅಂಟುತ್ತಾ ಹೋಗುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ ಹೀಗೆ ಬೆಳೆದ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಒಡೆದು ತೆಗೆಯಲು ವಾರಗಳೇ ಬೇಕಾದವು. ಮರುವರ್ಷ ಅದರದೊಂದು ತುಂಡನ್ನು ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಟ್ಟರು, ಜನ ಹೋಗಿ ನೋಡಿದರು. ಕೆಲವು ವೈಪ್ಸ್ ಪೊಟ್ಟಣಗಳ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿರುತ್ತದೆ, ಗಮನಿಸಿದ್ದೀರಾ? ಸುಳ್ಳೇನಲ್ಲ. ಫ್ಲಶ್ ಮಾಡಬಹುದು. ಉಂಗುರವನ್ನೂ ಮಾಡಬಹುದು, ಗೊಂಬೆಯ ತಲೆಯನ್ನೂ ಮಾಡಬಹುದು. ಕಾಗದದ ಹಾಗೆ ನೀರಿನಲ್ಲಿ ಕರಗುತ್ತದೆ ಎಂದು ಅವರು ಹೇಳಿದ್ದಾರಾ?

ನವೆಂಬರ್ 19 ವಿಶ್ವ ಶೌಚಾಲಯ ದಿನ. 2013ರಲ್ಲಿ ವಿಶ್ವಸಂಸ್ಥೆಯೇ ಅದನ್ನು ಒಪ್ಪಿಕೊಂಡಿತು. ಒಳ್ಳೆಯದೇ. ಆದರೆ ಕಮೋಡಿಗೆ ಇರುವ ಭಾಗ್ಯ ಪೈಪಿಗೆ ಇಲ್ಲ ನೋಡಿ. ಶೌಚಾಲಯದ ಮುಂದೆ ರಿಬ್ಬನ್ ಕತ್ತರಿಸಬಹುದು, ಬಿಳೀ ಟೈಲ್ಸ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಮಣ್ಣಿನ ಕೆಳಗಿನ ಪೈಪಿನ ಪಕ್ಕ ಯಾರು ನಿಲ್ಲುತ್ತಾರೆ? ಹತ್ತು ಮನೆಗೆಂದು ಹಾಕಿದ ಪೈಪಿಗೆ ನೂರು ಮನೆ ಜೋಡಿಸುತ್ತಾರೆ, ಅದರ ಮೇಲೆ ಮಳೆ ನೀರನ್ನೂ ತಿರುಗಿಸುತ್ತಾರೆ, ಆಮೇಲೆ ಉಕ್ಕಿತು ಎಂದು ಆಶ್ಚರ್ಯಪಡುತ್ತಾರೆ.

ಎರಡನೇ ದಿನ ಒಬ್ಬ ಪ್ಲಂಬರ್ ಬಂದು ಜಾಲರಿಗೆ ಆ್ಯಸಿಡ್ ಸುರಿಯಲು ಹೊರಟರು. ಬೀದಿಯಲ್ಲಿ ಕಟ್ಟಿಕೊಂಡಿದ್ದಕ್ಕೆ ನನ್ನ ಬಚ್ಚಲಲ್ಲಿ ಆ್ಯಸಿಡ್. ಅಷ್ಟರಲ್ಲಿ ನಾನು ನಾತ ತಾಳದೆ ಬ್ಲೀಚ್ ಸುರಿದಿದ್ದೆ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಪುಪ್ಪುಸ ಸುಡುವಂಥದ್ದು. ಕೈ ಹಿಡಿದು ನಿಲ್ಲಿಸಿದೆ. ಹಿಂದಕ್ಕೆ ಬರುವ ನೀರನ್ನು ತಡೆಯುವ ವಾಲ್ವ್ ಹಾಕಿಸಿ ಸಾರ್ ಎಂದರು. ಆ ಸಲಹೆ ಮಾತ್ರ ಚೆನ್ನಾಗಿತ್ತು. ಒಳಗೊಂದು ಮುಚ್ಚಳ, ನಮ್ಮದು ಹೊರಗೆ ಹೋಗುವಾಗ ತೆರೆಯುತ್ತದೆ, ಹೊರಗಿನದು ಬಂದಾಗ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ನಮ್ಮದೂ ಹೋಗುವುದಿಲ್ಲ. ಅಂದರೆ ಕನಿಷ್ಠ ಸ್ವಂತದ್ದರಲ್ಲಿ ಮುಳುಗಬಹುದು. ಇದಕ್ಕೆ ಸ್ವಾವಲಂಬನೆ ಅನ್ನಬಹುದು.

ಮೂರನೇ ದಿನ "ತಂಡ" ಬಂತು. ತಂಡ ಎಂದರೆ ಇಬ್ಬರು, ಒಂದು ಉದ್ದನೆಯ ಕಡ್ಡಿ, ಮತ್ತು ಗಾಡಿಯಿಂದ ಇಳಿಯದ ಮೇಲ್ವಿಚಾರಕ. ಜೋರಾಗಿ ನೀರು ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ಎಲ್ಲಿ ಎಂದೆ. ರಿಪೇರಿಯಲ್ಲಿದೆ. ಕಡ್ಡಿಗೆ ಕೆಲಸ ಆಗಲಿಲ್ಲ. ಮೇಲ್ವಿಚಾರಕ ಕಿಟಕಿಯಿಂದಲೇ ಒಂದು ಸನ್ನೆ ಮಾಡಿದರು. ಇಬ್ಬರಲ್ಲಿ ಚಿಕ್ಕವನಾದ ಹುಡುಗ ಮ್ಯಾನ್‌ಹೋಲ್ ಗುಂಡಿಗೆ ಇಳಿಯಲು ಅಂಗಿ ಬಿಚ್ಚತೊಡಗಿದ.

ಇಲ್ಲಿ ತಮಾಷೆ ಸಾಕು. ಆ ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಇದ್ದರೆ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗುವುದಿಲ್ಲ, ಇಳಿದವನಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಕೆಲವೇ ಉಸಿರಿನಲ್ಲಿ ಬೀಳುತ್ತಾನೆ, ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಇದು ಎಲ್ಲರಿಗೂ ಗೊತ್ತು. ಗಾಡಿಯಲ್ಲಿ ಕೂತವರಿಗೂ ಗೊತ್ತು, ಅದಕ್ಕೇ ಅವರು ಗಾಡಿಯಲ್ಲಿ ಕೂತಿದ್ದರು. ಪ್ರತಿ ಸಲ ಸುದ್ದಿ ಬರುತ್ತದೆ, ಪ್ರತಿ ಸಲ ತನಿಖೆ, ಪ್ರತಿ ಸಲ ಆ ಹುಡುಗ ಯಾರ ನೌಕರನೂ ಅಲ್ಲ. ಮೂರು ದಿನ ನನ್ನ ಬಚ್ಚಲಿನ ಬಗ್ಗೆ ಕೂಗಾಡಿದ್ದಕ್ಕೆ ನನಗೇ ನಾಚಿಕೆಯಾಯ್ತು. ಇಳಿಯಬೇಡಪ್ಪ ಎಂದೆ. "ಎರಡೇ ನಿಮಿಷ ಸಾರ್" ಎಂದ. ಬೇಡ ಅಂದ್ರೆ ಬೇಡ, ಅಂಗಿ ಹಾಕ್ಕೋ ಎಂದು ಕಿರುಚಿದೆ. ಅಕ್ಕಪಕ್ಕದವರು ಕಿಟಕಿ ತೆರೆದರು. ಮೇಲ್ವಿಚಾರಕರಿಗೆ ಬೇಜಾರಾಯ್ತು. ಸಹಕರಿಸದಿದ್ದರೆ ನಾವೇನು ಮಾಡೋಕಾಗುತ್ತೆ ಸಾರ್ ಎಂದು ಗಾಡಿ ತಿರುಗಿಸಿದರು.

ಸಂಜೆ ಮೆಸೇಜ್ ಬಂತು. "ನಿಮ್ಮ ದೂರನ್ನು ಪರಿಹರಿಸಲಾಗಿದೆ."

ಐದನೇ ದಿನ ಗಾಡಿ ರಿಪೇರಿಯಾಗಿ ಬಂತು. ಕೊಳವೆ ಬಿಟ್ಟು ನೀರು ಹಾಯಿಸಿದರು. ಹತ್ತೇ ನಿಮಿಷ. ಭಸ್ ಎಂದು ಎಲ್ಲ ಇಳಿದುಹೋಯ್ತು. ಹತ್ತು ನಿಮಿಷದ ಕೆಲಸ ಅದು. ಅವತ್ತು ಮಾತ್ರ ಯಾವ ಮೆಸೇಜೂ ಬರಲಿಲ್ಲ, ಯಾಕೆಂದರೆ ದಾಖಲೆಯಲ್ಲಿ ಅವತ್ತು ನಮ್ಮಲ್ಲಿ ಸಮಸ್ಯೆಯೇ ಇರಲಿಲ್ಲ.

ಈಗ ನೆಲ ತಿಕ್ಕಿ ಮುಗಿಸಿ ಕೂತಿದ್ದೇನೆ. ಜಾಲರಿಯ ಮೇಲೊಂದು ಬಕೆಟ್ ತುಂಬ ನೀರು ಇಟ್ಟಿದ್ದೇನೆ. ಅದರಿಂದ ಏನೂ ತಡೆಯುವುದಿಲ್ಲ ಎಂದು ನನಗೂ ಗೊತ್ತು. ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, ಎಲ್ಲ ಸರಿಹೋಯ್ತಂತಲ್ಲ, ಇನ್ನು ವಾಷಿಂಗ್ ಮೆಷಿನ್ ಹಾಕಬಹುದಾ, ಐದು ದಿನದ ಬಟ್ಟೆ ಉಳಿದುಬಿಟ್ಟಿದೆ ಎಂದು ಕೇಳಿದರು.